ಐವತ್ತೆಂಟು ಡಿಗ್ರಿಯ ಹುಲ್ಲು

"ಹಸಿರೂ ಜಾಸ್ತಿ, ಬಿಸಿಯೂ ಜಾಸ್ತಿ. ಇಂಥ ವರದಿಗೆ ನಾನು ಸಹಿ ಹಾಕಲ್ಲ," ಅಂದಳು ಹೆಂಡತಿ.

"ಮೇಡಂ, ನಿಮ್ಮ ಬಿಸಿ ನಿಮ್ಮ ಕಾಲಂನಲ್ಲಿದೆ, ನನ್ನ ಹಸಿರು ನನ್ನ ಕಾಲಂನಲ್ಲಿದೆ. ಅವೆರಡೂ ಒಂದನ್ನೊಂದು ಮಾತಾಡಿಸಬೇಕು ಅಂತ ಯಾವ ನಿಯಮವೂ ಇಲ್ಲ."

ಮನೆಯಲ್ಲಿ 'ಕಣೇ', ಕಚೇರಿಯಲ್ಲಿ 'ಮೇಡಂ'. ನಗರಸಭೆಯ ಮೂರನೇ ಮಹಡಿಯಲ್ಲಿ ಎದುರುಬದುರು ಮೇಜು ಹಾಕಿಕೊಂಡು ಈ ದಂಪತಿ ಹನ್ನೊಂದು ವರ್ಷದಿಂದ ಊರನ್ನು ಅಳೆಯುತ್ತಿದ್ದರು. ಆಕಾಶದಿಂದ ತೆಗೆದ ಚಿತ್ರದಲ್ಲಿ ಹಸಿರು ಕಂಡ ಚೌಕಗಳನ್ನೆಲ್ಲ ಎಣಿಸುವುದು ಅವನ ಕೆಲಸ. ನೆಲ ಎಷ್ಟು ಕಾದಿದೆ ಎಂದು ಬರೆಯುವುದು ಅವಳದು. ಹನ್ನೊಂದು ವರ್ಷವೂ ಅವನು ಸಾಹೇಬರ ಮುಂದೆ ನಿಂತು 'ಇಳಿಕೆ' ಎಂಬ ಒಂದೇ ಪದ ಓದಿದ್ದ. ಬೇರೆ ವಿಭಾಗದವರು ರಸ್ತೆ, ಸೇತುವೆ, ಮಹಡಿ ಎಂದು ಏರಿಕೆಯನ್ನೇ ಹೊತ್ತು ತರುವಾಗ ಇವನೊಬ್ಬ ಸಾವಿನ ಸುದ್ದಿ ತಂದವನ ಹಾಗೆ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದ. ಈ ವರ್ಷ ಮೊಟ್ಟಮೊದಲ ಸಲ ಹದಿನಾಲ್ಕನೇ ವಾರ್ಡಿನಲ್ಲಿ ಹಸಿರು ನೂರಕ್ಕೆ ಆರರಷ್ಟು ಏರಿತ್ತು. ಕೋಟೆ ಗೆದ್ದ ಸೇನಾಪತಿ ಬೆಳಿಗ್ಗೆಯಿಂದ ಪೆನ್ನಿನ ಮುಚ್ಚಳ ತೆಗೆದುಕೊಂಡೇ ಕೂತಿದ್ದ.

ಅವಳ ಚಿಂತೆ ಬೇರೆ. ವಾರ್ಡಿನ ಹಸಿರು ಏರಿದರೆ ಕಚೇರಿಯ ಗೇಟಿನಲ್ಲಿರುವ ದೊಡ್ಡ ಮರವನ್ನು ಕಡಿದು ಕಾರು ನಿಲ್ಲಿಸಲು ಜಾಗ ಮಾಡಬಹುದೆಂದು ಆದೇಶವಿತ್ತು. ಗರಗಸದವರಿಗೆ ನಾಳೆಗೇ ಹೇಳಿಯಾಗಿತ್ತು. ಆದರೆ ವರದಿಗೆ ಇಬ್ಬರ ಸಹಿಯೂ ಬೇಕು.

"ನೀವು ಹಸಿರು ಅಂದ ಜಾಗದಲ್ಲೇ ನನಗೆ ಐವತ್ತೆಂಟು ಡಿಗ್ರಿ ಬಂದಿದೆ. ಅಷ್ಟು ಕಾವಿನಲ್ಲಿ ಬೆಳೆಯೋ ಹುಲ್ಲು ಯಾವುದು ರೀ?"

"ಗಟ್ಟಿ ಜಾತಿ."

"ಬೇರು?"

"ಮೇಲಿಂದ ನೋಡಿದ್ರೆ ಬೇರು ಕಾಣಲ್ಲ, ಮೇಡಂ."

"ಎಲ್ಲಾ ಟೆರೇಸಿನ ಮೇಲೇ ಬೆಳೆದಿದೆಯಲ್ಲ?"

"ಜನಕ್ಕೆ ಬುದ್ಧಿ ಬಂದಿದೆ."

ಅವಳು ವಾದ ಬಿಟ್ಟು, ಎಲ್ಲಕ್ಕಿಂತ ಹೆಚ್ಚು ಕಾದಿದ್ದ ಚೌಕವನ್ನು ಪರದೆಯ ಮೇಲೆ ದೊಡ್ಡದು ಮಾಡಿದಳು. ಹಚ್ಚಹಸಿರು ಟೆರೇಸು, ಮೂಲೆಯಲ್ಲಿ ಕಪ್ಪು ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ಹಗ್ಗ, ಹಗ್ಗದ ಮೇಲೆ ಕಿತ್ತಳೆ ಪಟ್ಟೆಯ ಪೈಜಾಮ.

"ಈ ಪೈಜಾಮ ಯಾರದು?"

ಅಂಥದ್ದನ್ನು ದುಡ್ಡು ಕೊಟ್ಟು ಕೊಂಡವನು ಊರಿಗೆಲ್ಲ ಒಬ್ಬನೇ. ಟೆರೇಸು ಸೋರುತ್ತದೆಂದು ಹೋದ ವರ್ಷ ಅವಳ ನಲವತ್ತೆರಡು ಹೂಕುಂಡಗಳನ್ನು ಸಿಕ್ಕಸಿಕ್ಕವರಿಗೆ ಹಂಚಿ, ಆ ಜಾಗಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿದವನೂ ಅವನೇ. ಅವನನ್ನು ನೋಡಿ ಬೀದಿಗೆ ಬೀದಿಯೇ ಹಾಸಿಕೊಂಡಿತ್ತು.

ಅವನು ಪರದೆಯ ಹತ್ತಿರಕ್ಕೆ ಬಗ್ಗಿ ಪೈಜಾಮದ ಪಟ್ಟೆಗಳನ್ನು ಎಣಿಸಿದ.

"ಹಾಗಾದರೆ ವಾರ್ಡಿನ ಏರಿಕೆಗೆ ಮೂಲಪುರುಷ ನಾನೇ ಅಂತಾಯ್ತು."

ಆಮೇಲೆ, ಹಸಿರು ಅಂದರೆ ಬಣ್ಣ, ಅದು ಯಾವುದರಿಂದ ಆಗಿರಬೇಕೆಂದು ಯಾವ ನಮೂನೆಯಲ್ಲೂ ಕೇಳಿಲ್ಲ ಎಂದು ಕಾಲು ಗಂಟೆ ಬಿಡಿಸಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಸರಿ, ಸ್ಥಳ ಪರಿಶೀಲನೆ ಮಾಡೋಣ. ಚಪ್ಪಲಿ ಬಿಟ್ಟು ನಿಮ್ಮ ಹುಲ್ಲಿನ ಮೇಲೆ ನಿಂತು ನೂರು ಎಣಿಸಿ. ಎಣಿಸಿ ಮುಗಿಸಿದ್ರೆ ಸಹಿ ನನ್ನದು."

ಮಧ್ಯಾಹ್ನ ಒಂದೂವರೆಗೆ ಅವನು ತನ್ನ ಮನೆಯ ಟೆರೇಸನ್ನು ರಣರಂಗ ಹೊಕ್ಕವನಂತೆ ಹೊಕ್ಕ. ಒಂದು, ಎರಡು, ಮೂರು ಗಂಭೀರವಾಗಿ ಬಂದವು. ಐದಕ್ಕೆ ಒಂಟಿಕಾಲು. ಏಳರ ಹೊತ್ತಿಗೆ ಎರಡು ಕಾಲೂ ನೆಲದ ಮೇಲಿರಲಿಲ್ಲ. ಎಂಟನ್ನು ಅವನು ಮೆಟ್ಟಿಲ ಮೇಲಿಂದ ಹೇಳಿದ.

"ನೂರಕ್ಕೆ ಎಂಟು ಅಂತ ಹಿಡಿದುಕೋ ಕಣೇ."

ಅವಳು ಬಕೆಟಿನಲ್ಲಿ ತಣ್ಣೀರು ತಂದಿಟ್ಟು, ಅವನ ಕಾಲು ಅದರೊಳಗೆ ಇಳಿದ ಮೇಲೆ ತೊಡೆಯ ಮೇಲೆ ವರದಿ ಇಟ್ಟಳು. ಅವನು ಟೆರೇಸುಗಳನ್ನು ಒಂದೊಂದಾಗಿ ಕಳೆದ. ಕೊನೆಗೆ 'ಏರಿಕೆ'ಯ ಮೇಲೆ ಗೆರೆ ಎಳೆದು, ಕೈಗೆ ಚೆನ್ನಾಗಿ ಪಳಗಿದ ಆ ಹಳೆಯ ಪದವನ್ನೇ ಬರೆದ. ಗೇಟಿನ ಮರ ಉಳಿಯಿತು. ಅವಳು ಕೂಡಲೇ ಸಹಿ ಹಾಕಿದಳು.

"ಷರಾ ಖಾಲಿ ಬಿಡೋ ಹಾಗಿಲ್ಲ," ಅಂದ ಅವನು, ಸೋತ ದನಿಯಲ್ಲಿ. "ಹೊಡೆದುಹಾಕಿದ್ದಕ್ಕೆ ಕಾರಣ ಏನು ಬರೀಲಿ?"

"ಬರ್ಕೊಳ್ಳಿ. ಸ್ಥಳ ಪರಿಶೀಲಿಸಲಾಯಿತು. ಹುಲ್ಲು ಕ್ಷೇಮ. ಪರಿಶೀಲಕರು ಬೆಂದಿದ್ದಾರೆ."