ಗಂಜಿ ಹಾಕಿದ ಮಳೆಕೋಟು

ಎರಡು ಕಟ್ಟು ಮೇಣದ ಬತ್ತಿಗೆ ಎಂಬತ್ತು ರೂಪಾಯಿ. ಹೆಂಡತಿಯ ಇಸ್ತ್ರಿಪೆಟ್ಟಿಗೆಯ ರಿಪೇರಿಗೆ ಇನ್ನೂರು. ಅದರ ಮೇಲೆ ಏರ್ಕಾಡಿನ ಎಸ್ಟೇಟೊಂದರಲ್ಲಿ ಹೋದ ನನ್ನ ಮಾನ, ಅದಕ್ಕೆ ಯಾರೂ ಬಿಲ್ ಕೊಡಲಿಲ್ಲ. ಒಂದು ಹಳೆಯ ಕೋಟಿಗೆ ನೀರು ಹಿಡಿಯದ ಹಾಗೆ ಮಾಡಲು ನನಗೆ ತಗುಲಿದ ಖರ್ಚು ಇಷ್ಟು. ಇದರ ಬದಲು ಅಂಗಡಿಯಲ್ಲೇ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬೇಡಿ. ಮನೆಯಲ್ಲಿ ಒಬ್ಬಳು ಕೇಳುತ್ತಲೇ ಇದ್ದಾಳೆ.

ಅಂಗಡಿಗೂ ಹೋಗಿದ್ದೆ. ಸೇಲಂನ ಆ ಅಂಗಡಿಯವನು ಮಳೆಕೋಟಿಗೆ ಎರಡು ಸಾವಿರದ ನಾನೂರು ಅಂದ, ನಾನು ಸಾವಿರ ಅಂದೆ. ಈ ಬಟ್ಟೆ ಉಸಿರಾಡುತ್ತದೆ ಸಾರ್ ಅಂದ. ಹಾಗಾದರೆ ಊಟವನ್ನೂ ನಾನೇ ಹಾಕಬೇಕೇನು ಎಂದು ಕೇಳಿ ಎದ್ದು ಬಂದೆ. ಚೌಕಾಸಿಯ ಜೀವಾಳವೇ ಈ ಎದ್ದು ಬರುವುದು. ಮೆಟ್ಟಿಲು ಇಳಿಯುವಷ್ಟರಲ್ಲಿ ಕರೆಯುತ್ತಾರೆ. ನನ್ನ ಮೂವತ್ತು ವರ್ಷದ ವ್ಯಾಪಾರದಲ್ಲಿ ಕರೆಯದವರಿಲ್ಲ. ಈತ ಕರೆಯಲಿಲ್ಲ. ನಾಲ್ಕು ಅಂಗಡಿ ಆಚೆ ಚಪ್ಪಲಿ ಸರಿಮಾಡಿಕೊಳ್ಳುತ್ತ ಕಾಲು ಗಂಟೆ ನಿಂತೆ. ಆಗಲೂ ಕರೆಯಲಿಲ್ಲ. ನನ್ನ ಸ್ವಾವಲಂಬನೆ ಹುಟ್ಟಿದ್ದು ಅಲ್ಲಿ.

ಕೋಟು ಬೇಕಾಗಿದ್ದು ಶೋಕಿಗಲ್ಲ. ಒಂದು ಮಗ್ಗದಿಂದ ಶುರುಮಾಡಿ ಹನ್ನೆರಡಕ್ಕೆ ಬಂದವನು ನಾನು. ಆ ಎಸ್ಟೇಟಿನವರು ದೀಪಾವಳಿಗೆ ಕಾಫಿ ಹಣ್ಣು ಕೀಳುವ ಹೆಂಗಸರಿಗೆಲ್ಲ ಒಂದೊಂದು ಸೀರೆ ಕೊಡುತ್ತಾರೆ. ನೂರೈವತ್ತು ಸೀರೆ. ಆ ಆರ್ಡರು ಸಿಕ್ಕರೆ ಹನ್ನೆರಡು ಮಗ್ಗಕ್ಕೂ ಹಬ್ಬದವರೆಗೆ ಕೆಲಸ. ಸಿಗದಿದ್ದರೆ ನನ್ನ ನೇಕಾರರು ಬೇರೆಯವರ ಬಾಗಿಲು ಹಿಡಿಯುತ್ತಾರೆ. ಮಾದರಿ ಸೀರೆಗಳನ್ನು ಹೊತ್ತು ಮೊಪೆಡ್ಡಿನಲ್ಲಿ ಘಾಟಿ ಹತ್ತಬೇಕು, ಅದೂ ಮಳೆ ಹಟ ಹಿಡಿದು ಸುರಿಯುವ ದಿನಗಳಲ್ಲಿ.

ಮೇಣದ ಉಪಾಯ ಹೇಳಿದವನು ಹೊಗೆನಕಲ್ಲಿನಲ್ಲಿ ಪರಿಸಲಿಗೆ ಹುಟ್ಟು ಹಾಕುವ ಒಬ್ಬ. ಮೀನು ತಿನ್ನಲು ಹೋಗಿದ್ದಾಗ ಆತ ತನ್ನ ಬುಟ್ಟಿದೋಣಿಯನ್ನು ಮಗುಚಿ ಹಾಕಿ ತಳಕ್ಕೆ ಟಾರು ಬಳಿಯುತ್ತಿದ್ದ. ಕೋಟಿಗೂ ಬಳಿಯಬಹುದೇ ಎಂದು ಕೇಳಿದೆ. ಟಾರು ಬೇಡ, ಮೇಣ ಉಜ್ಜಿ ಬಿಸಿ ತೋರಿಸಿದರೆ ಸಾಕು ಎಂದು ಹೇಳಿ, ಕೊನೆಗೆ ಒಂದು ಮಾತು ಸೇರಿಸಿದ: “ಬಟ್ಟೆ ಮಾತ್ರ ಬರೀ ನೂಲಾಗಿರ್ಬೇಕು ಸಾಮಿ. ಗಂಜಿ ಗಿಂಜಿ ಇದ್ರೆ ಒಗುದ್ಬುಟ್ಟು ಉಜ್ಜು.” ಕಾಸಿಲ್ಲದೆ ಸಿಕ್ಕಿದ ಸಲಹೆ, ಅದಕ್ಕೆ ತಕ್ಕ ಬೆಲೆಯನ್ನೇ ಕೊಟ್ಟೆ. ಹುಟ್ಟು ಹಾಕುವವನು ನೇಕಾರನಿಗೆ ಬಟ್ಟೆಯ ಪಾಠ ಹೇಳುವುದೆಂದರೇನು?

ನಮ್ಮ ಮನೆಯಲ್ಲಿ ಗಂಜಿ ಕಾಣದ ಬಟ್ಟೆ ಹೊಸಲು ದಾಟುವುದಿಲ್ಲ. ನಮ್ಮಜ್ಜಿ ಕರವಸ್ತ್ರಕ್ಕೂ ಗಂಜಿ ಹಾಕುತ್ತಿದ್ದಳು. ಅದರಲ್ಲಿ ಮೂಗು ಒರೆಸಿದರೆ ಮೂಗೇ ಕೆಂಪಾಗುತ್ತಿತ್ತು. ಸೀರೆಗಳಿಗಂತೂ ನಾನು ಒಂದು ಕೈ ಹೆಚ್ಚೇ ಹಾಕಿಸುತ್ತೇನೆ. ನೂಲು ಕಡಿಮೆಯಾದ ಕಡೆ ಗಂಜಿ ಹೆಚ್ಚಾದರೆ ಸೀರೆ ಕೈಗೆ ದಪ್ಪ ಅನ್ನಿಸುತ್ತದೆ. ಇದನ್ನು ಮೋಸ ಅನ್ನುವವರು ವ್ಯಾಪಾರ ಮಾಡಿದವರಲ್ಲ.

ಹೀಗಾಗಿ ಕೋಟಿಗೆ ಮೊದಲು ಗಟ್ಟಿ ಗಂಜಿ ಹಾಕಿ ಒಣಗಿಸಿದೆ, ಅದರ ಮೇಲೆ ಮೇಣ ಉಜ್ಜಿದೆ, ಇಸ್ತ್ರಿಯಿಟ್ಟು ಕರಗಿಸಿದೆ. ಕೋಟು ನನ್ನ ಸಹಾಯವಿಲ್ಲದೆ ತಾನೇ ನಿಂತಿತು. ಒಂದು ಚೊಂಬು ನೀರು ಸುರಿದರೆ ಮುತ್ತಿನಂತೆ ಉರುಳಿತು. ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಮೇಣ ಮೆತ್ತಿದ ಇಸ್ತ್ರಿಪೆಟ್ಟಿಗೆಯನ್ನು ಕೆರೆಯುತ್ತ ಕೂತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು: “ಮೈತುಂಬಾ ಮೇಣ ಮೆತ್ಕೊಂಡು ಓಗ್ತಿದೀರ. ಬೀಡಿ ಸೇದೋರ್ ಅತ್ರ ಮಾತ್ರ ನಿಂತ್ಕಬ್ಯಾಡಿ.”

ಘಾಟಿಯ ಐದನೇ ತಿರುವಿನವರೆಗೆ ಆ ಅಂಗಡಿಯವನನ್ನು ನೆನೆದು ನಗುತ್ತಿದ್ದೆ. ಆರನೆಯದರಲ್ಲಿ ಮೊಣಕೈ ಮಡಿಸಿದ ಕಡೆ ಮೇಣ ಪಟಪಟನೆ ಬಿರುಕು ಬಿಟ್ಟಿತು. ನೀರು ಒಳಗೆ ಹೋಗಿ ಗಂಜಿಯನ್ನು ಕಂಡಿತು. ಹತ್ತನೆಯ ತಿರುವಿಗೆ ಮೇಣ ಹಪ್ಪಳದಂತೆ ಏಳುತ್ತಿತ್ತು. ಮೇಲೆ ತಲುಪಿದಾಗ ನನ್ನ ತೋಳಿನಿಂದ ಬೆಳ್ಳಗೆ, ಹುಳಿನಾತದ ತಿಳಿಗಂಜಿ ಇಳಿಯುತ್ತಿತ್ತು. ಎಸ್ಟೇಟಿನ ಕಚೇರಿಯ ಜಗಲಿಯಲ್ಲಿ ಗೊಬ್ಬರದ ಚೀಲವನ್ನು ಕುಂಚಿಗೆ ಮಾಡಿ ತಲೆಗೆ ಹೊದ್ದ ಕೂಲಿ ಹೆಂಗಸರು ಒಣಒಣವಾಗಿ ನಿಂತು ನನ್ನನ್ನು ನೋಡಿದರು.

ಎಸ್ಟೇಟಿನ ಖರೀದಿ ನೋಡಿಕೊಳ್ಳುವಾಕೆ ಪಾಪಿರೆಡ್ಡಿಪಟ್ಟಿಯ ಕಡೆಯವರು, ನಮ್ಮಂತೆ ಕನ್ನಡ ಮನೆಮಾತಿನವರೇ. ನನ್ನ ತೋಳನ್ನು ನೋಡಿದರು, ನೆಲಕ್ಕೆ ಬಿದ್ದ ಗಂಜಿಯನ್ನು ನೋಡಿದರು. ಮಾದರಿ ಸೀರೆಯ ಸೆರಗನ್ನು ಚೊಂಬಿನ ನೀರಿನಲ್ಲಿ ಅದ್ದಿ ಉಜ್ಜಿದರು. ನೀರು ಹಾಲಿನಂತಾಯಿತು, ಸೆರಗು ಸೊಳ್ಳೆಪರದೆಯಂತಾಯಿತು. ಅದನ್ನು ಎತ್ತಿ ಹಿಡಿದು ಅದರೊಳಗಿಂದ ನನ್ನನ್ನು ನೋಡಿದರು. ನನಗೂ ಅವರ ಮುಖ ಚೆನ್ನಾಗಿಯೇ ಕಾಣಿಸಿತು.

“ತಪ್ಪಾ ನೆನಕೋಬೇಡಿ ಅಣ್ಣ,” ಅಂದರು. “ನಮ್ ಎಂಗಸ್ರು ಮಳೇಲಿ ನಿಂತು ಕೆಲ್ಸ ಮಾಡೋರು. ಇದನ್ನ ಉಟ್ಕೊಂಡು ನೆಂದ್ರೆ ಮೈಮ್ಯಾಲೆ ಏನು ಉಳೀತೈತೆ?”

ನೂಲು ಗಟ್ಟಿಯಾಗಿ ಹಾಕಿ, ಬೆಲೆ ಮಾತ್ರ ಇದೇ ಇರಲಿ ಎಂದರು. ಅಭ್ಯಾಸಬಲದಿಂದ ಎದ್ದು ಬಂದೆ. ಮೆಟ್ಟಿಲು ನಿಧಾನವಾಗಿ ಇಳಿದೆ. ಗೇಟಿನ ಬಳಿ ಚಪ್ಪಲಿಯನ್ನೂ ಸರಿಮಾಡಿಕೊಂಡೆ. ಯಾರೂ ಕರೆಯಲಿಲ್ಲ. ನನ್ನ ಹನ್ನೆರಡು ಮಗ್ಗಗಳನ್ನು ನೆನೆದು ನಾನೇ ತಿರುಗಿ ಒಳಗೆ ಹೋದೆ. ಆರ್ಡರು ಉಳಿಯಿತು, ಲಾಭ ಗಂಜಿಯ ಜೊತೆ ಹರಿದುಹೋಯಿತು.

ಆದ್ದರಿಂದ ಓದುಗರೇ, ಹೇಳುತ್ತೇನೆ ಕೇಳಿ. ಕೋಟನ್ನು ಮೊದಲು ಬಿಸಿನೀರಿನಲ್ಲಿ ಎರಡು ಸಲ ಒಗೆದು ಗಂಜಿಯ ಸುಳಿವಿಲ್ಲದಂತೆ ಮಾಡಿ, ಪೂರ್ತಿ ಒಣಗಿಸಿ. ಮೇಣವನ್ನು ತೆಳ್ಳಗೆ ಉಜ್ಜಿ, ಹೊಲಿಗೆಯ ಮೇಲೆ ಎರಡು ಸಲ. ನಡುವೆ ಹಳೆಯ ಬಟ್ಟೆಯಿಟ್ಟು ಇಸ್ತ್ರಿ ಮಾಡಿ, ಇಸ್ತ್ರಿಪೆಟ್ಟಿಗೆ ಹೆಂಡತಿಯದಾಗಿರದಿದ್ದರೆ ಕ್ಷೇಮ. ಮೊಣಕೈಗೆ ಪ್ರತಿ ಮಳೆಗಾಲ ಮತ್ತೆ ಉಜ್ಜಿ. ಇಷ್ಟಕ್ಕೂ ನಾನು ಒಂದು ಕಾಸೂ ಕೇಳುತ್ತಿಲ್ಲ. ಅದಕ್ಕೇ ನೀವು ಇದನ್ನು ಕೇಳುವುದಿಲ್ಲ ಎಂದು ನನಗೆ ಗೊತ್ತು.