ಅಧ್ಯಕ್ಷರ ಮನೆ ಮುಂದಿನ ದೊಡ್ಡ ಸುತ್ತು

ನಕ್ಷೆ ಬರೆಯೋನಿಗೆ ಸಿಟ್ಟು ಬರಿಸೋಕೆ ಅಂತಲೇ ನಮ್ಮ ಅನ್ನಪೂರ್ಣೇಶ್ವರಿ ನಗರದ ಜನ ಬೆಳಿಗ್ಗೆ ಎದ್ದು ಕಾಫಿ ಕುಡೀತಾರೋ ಏನೋ. ನಾನು ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ. ಆದರೆ ಚಿತ್ರ ಚೆನ್ನಾಗಿ ಬರೀತೀನಿ. ಅದಕ್ಕೇ ಲೇಔಟಿನ ಸಂಘದವರು ಮೋರಿ ನಕ್ಷೆ ಬರೆಯೋ ಕೆಲಸ ನನ್ನ ತಲೆಗೆ ಕಟ್ಟಿದ್ರು. ಮೋರಿ ಎಲ್ಲಿ ಹೆಚ್ಚು ಉಕ್ಕುತ್ತೋ ನಕ್ಷೆ ನೋಡಿ ಅಲ್ಲೇ ಮೊದಲು ಅಗೀತೀವಿ ಅಂತ ಇಂಜಿನಿಯರ್ ಹೇಳಿದ್ರಂತೆ. ನಾನು ಒಪ್ಪಿದ್ದು ನಮ್ಮಜ್ಜಿಗೋಸ್ಕರ. ಬಚ್ಚಲಿಂದ ಕೊಚ್ಚೆ ವಾಪಸ್ ಬಂದು ಅಡುಗೆಮನೆವರೆಗೂ ಹರಿದು, ಅಜ್ಜಿ ಹದಿನೈದು ದಿನದಿಂದ ಮಂಚದ ಮೇಲೆ ಕಾಲೆತ್ತಿಕೊಂಡೇ ಕೂತಿದ್ರು.

೧. ಬಣ್ಣ

ಉಕ್ಕೋ ರಸ್ತೆಗೆ ಕೆಂಪು, ಸರಿ ಇರೋದಕ್ಕೆ ಹಸಿರು ಬಳಿದೆ. ಮೀಟಿಂಗಲ್ಲಿ ಎರಡನೇ ಕ್ರಾಸ್ ಆಂಟಿ ಎಗರಿಬಿದ್ರು.

"ಏನೋ, ನಮ್ಮ ರಸ್ತೆಗೆ ಕೆಂಪಾ? ಭಾನುವಾರ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದಾರೆ. ಹಸಿರು ಮಾಡು."

"ಆಂಟಿ, ನಿಮ್ಮ ಗೇಟಲ್ಲಿ ಮೊಣಕಾಲುದ್ದ ಕೊಚ್ಚೆ ಇದೆ."

"ಅದು ಬಂದವರಿಗೆ ಮಾತ್ರ ಕಾಣುತ್ತೆ. ನಕ್ಷೆ ಊರಿಗೆಲ್ಲಾ ಕಾಣುತ್ತೆ!"

ಒಬ್ಬರ ಹಿಂದೆ ಒಬ್ಬರು ಹಸಿರು ಕೇಳಿದ್ರು. ಕೊನೆಗೆ ನಕ್ಷೆ ಲಾಲ್‌ಬಾಗ್ ಆಯ್ತು. ಮೂಗು ಮುಚ್ಚಿಕೊಂಡು ಸುತ್ತಬೇಕಾದ ಲಾಲ್‌ಬಾಗ್.

೨. ಬಾಣ

ಕೊಚ್ಚೆ ಹರಿಯೋ ದಿಕ್ಕಿಗೆ ಬಾಣ ಹಾಕಿದೆ. ವಾಸ್ತು ಗೊತ್ತಿರೋ ರಿಟೈರ್ಡ್ ಮೇಷ್ಟ್ರು ಕನ್ನಡಕ ಏರಿಸಿದ್ರು.

"ನೀರು ನೈರುತ್ಯಕ್ಕೆ ಹೋಗಬಾರದಪ್ಪ. ಈಶಾನ್ಯಕ್ಕೆ ತಿರುಗಿಸು."

"ಸಾರ್, ಈಶಾನ್ಯದ ಕಡೆ ಏರು ಇದೆ. ಕೊಚ್ಚೆ ಹೆಂಗೆ ಹತ್ತುತ್ತೆ?"

"ಹಿಂಗೆ ಎದುರು ಮಾತಾಡೇ ನೀನು ಫೇಲಾಗಿದ್ದು!"

ಹಲ್ಲು ಕಡಿದು ಬಾಣ ತಿರುಗಿಸಿದೆ. ಕೊಚ್ಚೆಯೂ ನನ್ನಷ್ಟೇ ಓದಿರಬೇಕು, ವಾಸ್ತು ತಿಳೀದೆ ಸೀದಾ ನಮ್ಮನೆಗೇ ಬಂತು.

೩. ಸುತ್ತು

ಇನ್ನು ಉಳಿದಿದ್ದು ಮನೆಗಳ ಮುಂದೆ ಹಾಕೋ ದುಂಡನೆ ಸುತ್ತು. ತೊಂದರೆ ಹೆಚ್ಚಿದ್ದಷ್ಟೂ ಸುತ್ತು ದೊಡ್ಡದು. ನಮ್ಮನೆ ಮುಂದೆ ತಟ್ಟೆಯಷ್ಟು, ತಗ್ಗಿನ ಕಡೆ ಪಕ್ಕದಲ್ಲೇ ಇರೋ ಸಂಘದ ಅಧ್ಯಕ್ಷರ ಮನೆ ಮುಂದೆ ಕಡಲೆಕಾಳಷ್ಟು. ಅಧ್ಯಕ್ಷರು ಕೆಂಡವಾದ್ರು.

"ಅಧ್ಯಕ್ಷ ನಾನು! ನಿನಗೆ ತಟ್ಟೆ, ನನಗೆ ಕಡಲೆಕಾಳಾ?"

"ಸಾರ್, ಅದು ಮನೆ ದೊಡ್ಡಸ್ತಿಕೆ ಅಲ್ಲ, ತೊಂದರೆ..."

"ಬಾಯ್ಮುಚ್ಚು! ಎಲ್ಲರಿಗಿಂತ ದೊಡ್ಡದು ನಮಗಿರಬೇಕು. ಮೂಲೆಲಿರೋ ಸಣ್ಣ ಅಕ್ಷರ ಅಳಿಸಿ ನನ್ನ ಫೋಟೋ ಹಾಕು."

ಯಾವ ಗುರುತಿಗೆ ಏನರ್ಥ ಅಂತ ಬರೆದಿದ್ದೇ ಆ ಸಣ್ಣ ಅಕ್ಷರದಲ್ಲಿ. ಮೈ ಉರಿದುಹೋಯ್ತು. ಅನ್ನದ ತಪ್ಪಲೆ ಬೋರಲು ಹಾಕಿ ಸುತ್ತು ಎಳೆದೆ. ಅಲ್ಲೀವರೆಗೆ ಕೊಚ್ಚೆಯಲ್ಲಿ ಮುಳುಗಿದ್ದ ನಮ್ಮನೆ ಈಗ ಅಧ್ಯಕ್ಷರ ಸುತ್ತಲ್ಲೂ ಮುಳುಗಿತು.

೪. ಜೆಸಿಬಿ

ಸೋಮವಾರ ಇಂಜಿನಿಯರ್ ಬಂದಾಗ ಅಧ್ಯಕ್ಷರು ಅವರಿಗೆ ಹಾರ ತರೋಕೆ ಹೋಗಿದ್ರು.

"ಈ ಸುತ್ತು ಯಾಕೆ ಇಷ್ಟು ದೊಡ್ಡದು?" ಅಂತ ಇಂಜಿನಿಯರ್ ನನ್ನ ಕೇಳಿದ್ರು.

"ಅಧ್ಯಕ್ಷರೇ ಹೇಳಿ ಹಾಕಿಸಿದ್ದು. ಮೋರಿ ತೊಂದರೆ ದೊಡ್ಡದಿರೋ ಕಡೆ ಸುತ್ತು ದೊಡ್ಡದು ಸಾರ್." ನಿಯಮ ಅದೇ ತಾನೇ?

ಅಧ್ಯಕ್ಷರು ಹಾರ ಹಿಡಿದು ಬರೋಷ್ಟರಲ್ಲಿ, ಅವರ ಕಾರು ಗೇಟಿಗೆ ಹತ್ತೋ ಗ್ರಾನೈಟ್ ಇಳಿಜಾರನ್ನ ಜೆಸಿಬಿ ಎತ್ತಿಬಿಟ್ಟಿತ್ತು. ಕೆಳಗೆ ನೋಡಿದ್ರೆ ಮೋರಿನೇ ಇಲ್ಲ! ಕಾರು ಕುಲುಕಬಾರದು ಅಂತ ಪುಣ್ಯಾತ್ಮರು ಮೋರಿಗೇ ಕಾಂಕ್ರೀಟ್ ತುಂಬಿಸಿದ್ರು. ಅದನ್ನ ಒಡೆದಿದ್ದೇ ತಡ, ನಮ್ಮ ಬಚ್ಚಲು ಗೊಳಗೊಳ ಅಂತ ಖಾಲಿಯಾಯ್ತು. ಅಜ್ಜಿ ಕಾಲು ಕೆಳಗಿಟ್ಟು ಬಾಗಿಲಿಗೆ ಬಂದ್ರು.

"ಲೋ, ಏನು ಹೇಳಿದ್ಯೋ ಇವರಿಗೆ?" ಅಂತ ಅಧ್ಯಕ್ಷರು ನನ್ನ ಮೇಲೆ ಬಂದ್ರು.

ಇಂಜಿನಿಯರ್ರು ಅಧ್ಯಕ್ಷರ ಕೈಯಿಂದ ಹಾರ ತಗೊಂಡು ಅವರ ಕೊರಳಿಗೇ ಹಾಕಿದ್ರು. "ಇಷ್ಟು ವರ್ಷದ ಸರ್ವೀಸಲ್ಲಿ, ತಾನು ಮಾಡಿದ ತಪ್ಪಿಗೆ ತಾನೇ ಸುತ್ತು ಹಾಕಿಸಿಕೊಂಡ ಅಧ್ಯಕ್ಷರು ನೀವೊಬ್ಬರೇ ಸಾರ್!"