ದಾರ್ಜಿಲಿಂಗಿನ ಬಾಟ್ಲಿ, ಕುದುರೆಮುಖದ ಚೀಟಿ

ಅಕ್ಷರ ದುಂಡಗಿರುವವರನ್ನು ನಂಬಬೇಡಿ. ನನ್ನ ಇಪ್ಪತ್ತಾರು ವರ್ಷದ ಬಾಳಿನಲ್ಲಿ ನಾನು ಕಲಿತದ್ದು ಇದೊಂದೇ. ಕಾಗೆಕಾಲಿನ ಅಕ್ಷರದಲ್ಲಿ ಬರೆದ ಸತ್ಯವನ್ನು ಜನ ಎರಡು ಸಲ ಓದಿ, ಬೆಳಕಿಗೆ ಹಿಡಿದು, ಪಕ್ಕದವರಿಗೆ ತೋರಿಸಿ, ಆಮೇಲೂ ಅರೆಮನಸ್ಸಿನಿಂದ ನಂಬುತ್ತಾರೆ. ಮುತ್ತು ಪೋಣಿಸಿದಂತೆ ಬರೆದ ಸುಳ್ಳನ್ನು ಓದುವ ಮೊದಲೇ ನಂಬುತ್ತಾರೆ. ನನ್ನದು ಮುತ್ತಿನಂಥ ಅಕ್ಷರ. ದೇವರು ಅದನ್ನೊಂದು ಕೊಟ್ಟು, ಅದರ ಹಿಂದೆ ಇರಬೇಕಾದ ತಲೆಯನ್ನು ಕೊಡಲು ಮರೆತುಬಿಟ್ಟ. ಕೊಟ್ಟಾರದ ನಮ್ಮ ಗದ್ದೆಯಲ್ಲಿ ನನ್ನ ಕೈಗೆ ನೇಗಿಲು ಕೊಟ್ಟರೆ ಸಾಲು ಕೇರೆಹಾವಿನ ಹಾಗೆ ಹೋಗುತ್ತಿತ್ತು. "ಇವ ಗದ್ದೆಯಲ್ಲಿ ಬರೆಯುವುದು ಬೇಡ ಮಾರಾಯ್ರೇ, ಕಾಗದದಲ್ಲಿ ಬರೆಯಲಿ" ಎಂದು ಅಪ್ಪ ನನ್ನನ್ನು ಶಾಲೆಗೆ ಅಟ್ಟಿದರು. ಬಿ.ಎ. ಪರೀಕ್ಷೆಗೆ ಎರಡು ಸಲ ಕುಳಿತೆ, ಎರಡು ಸಲವೂ ಎದ್ದು ಬಂದೆ. ಉತ್ತರ ತಪ್ಪಾದರೂ ಬರವಣಿಗೆ ಚೆನ್ನಾಗಿತ್ತೆಂದು ಯಾರೋ ಪುಣ್ಯಾತ್ಮರು ಹೇಳಿದ್ದರಿಂದ, ಬಲ್ಮಠದ ಗುಡ್ಡೆಯ ಮೇಲಿನ ಒಂದು ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ನನಗೆ ಕೆಲಸ ಸಿಕ್ಕಿತು. ಕೆಲಸವೆಂದರೆ, ಸ್ಪಿರಿಟ್ ತುಂಬಿದ ಬಾಟ್ಲಿಗಳಲ್ಲಿ ಮಲಗಿರುವ ಕಪ್ಪೆ, ಹಾವು, ಹಲ್ಲಿ, ಏಡಿಗಳಿಗೆ ಚೀಟಿ ಬರೆಯುವುದು.

ಮ್ಯೂಸಿಯಮ್ಮಿನ ಯಜಮಾನರು ಪದ್ಮನಾಭ ಕೆದ್ಲಾಯರು, ಜೀವಶಾಸ್ತ್ರದ ಪ್ರೊಫೆಸರು. ಅವರ ಅಜ್ಜ, ಅಪ್ಪ, ಅಣ್ಣ ಎಲ್ಲರೂ ದೇವಸ್ಥಾನದಲ್ಲಿ ಪೂಜೆ ಮಾಡಿದವರು. ಇವರೊಬ್ಬರು ಮಾತ್ರ ಕಪ್ಪೆಯ ಹಿಂದೆ ಹೋದರು. ಸಂಜೆ ಮನೆಗೆ ಹೋದರೆ ಹೆಂಡತಿ ರುಕ್ಮಿಣಿಯಮ್ಮ ಬಾವಿಕಟ್ಟೆಯ ಹತ್ತಿರವೇ ತಡೆದು, "ಇವತ್ತು ಎಂತ ಮುಟ್ಟಿದ್ದು?" ಎಂದು ಕೇಳುತ್ತಿದ್ದರಂತೆ. ಕಪ್ಪೆಯಾದರೆ ಎರಡು ಕೊಡಪಾನ ನೀರು, ಹಾವಾದರೆ ನಾಲ್ಕು. ಮೂವತ್ತು ವರ್ಷ ಹೀಗೆ ಮಿಂದು ಮಿಂದು ಕೆದ್ಲಾಯರಷ್ಟು ಶುದ್ಧರಾದ ಮನುಷ್ಯರು ಮಂಗಳೂರಿನಲ್ಲಿ ಇನ್ನೊಬ್ಬರಿರಲಿಲ್ಲ.

ಅವರಿಗೆ ಒಂದೇ ಒಂದು ಆಸೆ ಇತ್ತು. ಯಾವುದಾದರೂ ಒಂದು ಜೀವಿ ತನ್ನ ಹೆಸರು ಹೊತ್ತುಕೊಂಡು ಓಡಾಡಬೇಕು. ವಿಜ್ಞಾನದವರಲ್ಲಿ ಹಾಗೊಂದು ಪದ್ಧತಿ ಉಂಟು. ಹೊಸ ಪ್ರಾಣಿ ಸಿಕ್ಕಿದರೆ ಅದನ್ನು ಹಿಡಿದವನ ಹೆಸರಿಗೆ ಲ್ಯಾಟಿನ್ನಿನ ಬಾಲ ಅಂಟಿಸಿ ಪ್ರಾಣಿಗೆ ಇಡುತ್ತಾರೆ. ಆದರೆ ಯಾರು ಮೊದಲು ಅಚ್ಚು ಹಾಕಿಸುತ್ತಾರೋ ಅವರು ಇಟ್ಟ ಹೆಸರೇ ಹೆಸರು. ಒಂದು ದಿನ ತಡವಾದರೂ ಹೋಯಿತು. ಕೆದ್ಲಾಯರು ಪ್ರತಿ ವರ್ಷ ಘಟ್ಟ ಹತ್ತಿ ಏನಾದರೂ ಹಿಡಿದು ಕಲ್ಕತ್ತದ ತಜ್ಞರೊಬ್ಬರಿಗೆ ಕಳುಹಿಸುತ್ತಿದ್ದರು. ಪ್ರತಿ ವರ್ಷವೂ "ಇದು ಮೊದಲೇ ಗೊತ್ತಿರುವುದು, ವಂದನೆಗಳು" ಎಂಬ ಉತ್ತರ ಬರುತ್ತಿತ್ತು. ಬರುವ ಮಾರ್ಚಿಗೆ ಅವರಿಗೆ ಪೆನ್ಶನ್. ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ದಸರಾ ರಜೆಯಲ್ಲಿ ಕುದುರೆಮುಖದಿಂದ ತಂದ ಆರು ಪ್ರಾಣಿಗಳು ಅವರ ಕೊನೆಯ ಬಾಣಗಳು. ಅದರಲ್ಲೂ ಹೊಳೆಯ ಬದಿಯ ಬಂಡೆಯಲ್ಲಿ ಹಿಡಿದ ಒಂದು ಹಲ್ಲಿಯ ಮೇಲೆ ಅವರಿಗೆ ಬಹಳ ನಂಬಿಕೆ. "ಇಂಥದ್ದು ನಾನು ಎಲ್ಲಿಯೂ ಕಂಡದ್ದಿಲ್ಲ ಸಂಜೀವ" ಎಂದು ನನ್ನೊಡನೆ ನೂರು ಸಲ ಹೇಳಿದ್ದರು.

ಬೇಸಗೆಯಲ್ಲಿ ಬಾಟ್ಲಿಗಳ ಸ್ಪಿರಿಟ್ ಬದಲಿಸಿ ಹಳೆಯ ಚೀಟಿಗಳನ್ನು ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೆದ್ಲಾಯರು ಎರಡೇ ಮಾತು ಹೇಳಿದ್ದರು. "ಒಂದು ಬಾಟ್ಲಿ ಮುಗಿಸದೆ ಇನ್ನೊಂದಕ್ಕೆ ಕೈ ಹಾಕಬೇಡ. ಚೀಟಿಯಲ್ಲಿ ರಿಜಿಸ್ಟರಿನ ನಂಬರು ಬರೆಯಲಿಕ್ಕೆ ಮರೆಯಬೇಡ."

ನಾನು ಎರಡನ್ನೂ ಮರೆಯಲಿಲ್ಲ, ಸುಧಾರಿಸಿದೆ. ಒಂದೊಂದೇ ಬಾಟ್ಲಿ ಎಂದರೆ ಮಳೆಗಾಲ ಬಂದರೂ ಮುಗಿಯದೆಂದು ಇಪ್ಪತ್ತು ಪ್ರಾಣಿಗಳನ್ನು ಒಟ್ಟಿಗೇ ತೆಗೆದು ದೊಡ್ಡ ತಟ್ಟೆಯಲ್ಲಿ, ಊಟಕ್ಕೆ ಬಂದ ನೆಂಟರ ಹಾಗೆ, ಸಾಲಾಗಿ ಮಲಗಿಸಿದೆ. ಇಪ್ಪತ್ತು ಚೀಟಿಗಳನ್ನು ಬರೆದೆ. ಎಂಥ ಅಕ್ಷರ! ಮೂಲೆಯಲ್ಲಿ ನಂಬರು ಹಾಕಿದರೆ ಮದುವೆಯ ಕಾಗದಕ್ಕೆ ಅಂಚೆಯ ಮುದ್ರೆ ಬಿದ್ದಂತೆ ಕಂಡಿತು. ಅಂದ ಕೆಡುತ್ತದೆಂದು ಬಿಟ್ಟೆ. ಚೀಟಿಗಳನ್ನು ಕಿಟಕಿಯ ದಂಡೆಯಲ್ಲಿ ಒಣಗಲು ಇಟ್ಟು, ಚಾ ಕುಡಿಯಲು ಹೋದೆ. ಬಲ್ಮಠದ ಗುಡ್ಡೆಗೆ ಮಧ್ಯಾಹ್ನದ ಮೇಲೆ ಕಡಲಗಾಳಿ ಬೀಸುತ್ತದೆ ಎಂಬುದು ಹುಟ್ಟಿದ ಮಗುವಿಗೂ ಗೊತ್ತು. ವಾಪಸು ಬಂದಾಗ ಅಟೆಂಡರ್ ಐತಪ್ಪ ನೆಲದಲ್ಲಿ ಮೊಣಕಾಲೂರಿ ಚೀಟಿ ಹೆಕ್ಕುತ್ತಿದ್ದ. ಹಳೆಯ ಚೀಟಿಗಳು? ನೀರು ಕಾಸುವ ಒಲೆಗೆ ಹೋಗಿದ್ದವು. ಹಾಗೆ ಮಾಡೆಂದು ಹೇಳಿದವನೂ ನಾನೇ.

ಹದಿನೆಂಟು ಪ್ರಾಣಿಗಳನ್ನು ಗುರುತಿಸಿದೆ. ಏಡಿಯನ್ನು ಹಾವೆನ್ನುವಷ್ಟು ದಡ್ಡ ನಾನಲ್ಲ. ಉಳಿದದ್ದು ಎರಡು, ಎರಡಕ್ಕೂ ನಾಲ್ಕು ಕಾಲು, ಒಂದು ಬಾಲ, ಸ್ಪಿರಿಟ್ಟಿನಲ್ಲಿ ಬಿಳಚಿ ಎರಡೂ ಹಲ್ಲಿಯ ಹಾಗೆಯೇ ಇದ್ದವು. ಉಳಿದ ಚೀಟಿಗಳೂ ಎರಡು. ಒಂದರಲ್ಲಿ 'ಟೈಲೊಟೊಟ್ರೈಟನ್ ವೆರುಕೋಸಸ್, ದಾರ್ಜಿಲಿಂಗ್' ಎಂದಿತ್ತು. ಅದು ನ್ಯೂಟ್ ಎಂಬ ಬೆಟ್ಟದ ಪ್ರಾಣಿ, ಕಪ್ಪೆಯ ನೆಂಟ, ಆದರೆ ಬಾಲ ಉಂಟು. ಆ ಕಡೆಯ ಒಂದು ಕಾಲೇಜಿನವರು ನಮ್ಮ ಕಡಲಾಮೆಗೆ ಬದಲಾಗಿ ಕೊಟ್ಟದ್ದು. ಇನ್ನೊಂದರಲ್ಲಿ 'ಹೆಸರು ತಿಳಿದಿಲ್ಲ, ಕುದುರೆಮುಖ, ಹೊಳೆಯ ಬದಿ, ಪ. ಕೆದ್ಲಾಯ' ಎಂದಿತ್ತು. ಬಾಟ್ಲಿಯ ಹೊರಗೆ ನ್ಯೂಟನ್ನು ನಾನು ಅದುವರೆಗೆ ಕಂಡವನಲ್ಲ. ಆದರೆ ಅದರ ನಾಮಕರಣದ ಕಥೆಯನ್ನು ಕೆದ್ಲಾಯರ ಬಾಯಲ್ಲೇ ಕೇಳಿದ್ದೆ. ಚೀನಾದ ಗುಡ್ಡಗಳ ಕಡೆ ಹೋದ ಒಬ್ಬ ಬಿಳಿಯ ಡಾಕ್ಟರು ಅದನ್ನು ಕಂಡು, ಅದರ ಮೈಯ ಗಂಟುಗಳನ್ನು ನೋಡಿ 'ವೆರುಕೋಸಸ್' ಎಂದು ಹೆಸರಿಟ್ಟ, ಹಾಗೆಂದರೆ ನರೂಲಿಯವ. ಆಮೇಲೆ ಅದೇ ಪ್ರಾಣಿ ದಾರ್ಜಿಲಿಂಗಿನ ಕೆರೆಗಳಲ್ಲಿಯೂ ಸಿಕ್ಕಿತು. ನಾನು ಈ ಪಾಂಡಿತ್ಯವನ್ನೆಲ್ಲ ಬಳಸಿಕೊಂಡು ಎರಡೂ ಮೈಗಳ ಗಂಟು ಎಣಿಸಿದೆ. ಒಂದಕ್ಕೆ ಬದಿಯಲ್ಲಿ ಎರಡು ಸಾಲು ದಪ್ಪ ಗಂಟು. ಇನ್ನೊಂದಕ್ಕೆ ಮೈತುಂಬ ಸಣ್ಣ ಸಣ್ಣ ಗಂಟು, ಲೆಕ್ಕಕ್ಕೇ ಸಿಗದಷ್ಟು. ಹೆಚ್ಚು ನರೂಲಿ ಇದ್ದವನೇ ನರೂಲಿಯವ ಎಂದು ತೀರ್ಪು ಕೊಟ್ಟೆ. ಏನೂ ಓದದ ಐತಪ್ಪನಾದರೆ ಸರಿಯಾಗಿ ಹಾಕುತ್ತಿದ್ದನೋ ಏನೋ. ಹಾಗೆ ನಮ್ಮ ಹಲ್ಲಿ ದಾರ್ಜಿಲಿಂಗಿಗೆ ಹೋಯಿತು, ದಾರ್ಜಿಲಿಂಗಿನ ನ್ಯೂಟ್ ಕುದುರೆಮುಖಕ್ಕೆ ಬಂತು. ಕುದುರೆಮುಖದ ಚೀಟಿ ಹಾಕಿದ ಬಾಟ್ಲಿ ಗಿಡ್ಡವಾಗಿತ್ತು. ತುರುಕುವಾಗ ಬಾಲದ ತುದಿ ಚೂರು ಮುರಿಯಿತು. ಅದನ್ನು ಯಾರಿಗೂ ಹೇಳಲಿಲ್ಲ.

ಮರುವಾರ ಕೆದ್ಲಾಯರು, "ಕುದುರೆಮುಖದ್ದು ಆರೂ ಪ್ಯಾಕ್ ಮಾಡಿ ಕಲ್ಕತ್ತಕ್ಕೆ ಕಳಿಸು" ಎಂದರು. ಚೀಟಿ ನೋಡಿ ಕಳುಹಿಸಿದೆ.

ಆಟಿ ತಿಂಗಳ ಮಳೆಯಲ್ಲಿ ಉತ್ತರ ಬಂತು. ಕೆದ್ಲಾಯರ ಕಣ್ಣಿಗೆ ಕಾಣದ್ದರಿಂದ ನಾನೇ ಓದಿದೆ. "ಆರರಲ್ಲಿ ಐದು ಮೊದಲೇ ಗೊತ್ತಿರುವವು. ತೆಂಕಣ ದೇಶದಲ್ಲಿ ಬಾಲವಿರುವ ಕಪ್ಪೆಯ ಜಾತಿ ಒಂದೂ ಇಲ್ಲವೆಂದು ತಿಳಿದಿದ್ದೆವು. ನೀವು ಕುದುರೆಮುಖದಿಂದ ಕಳುಹಿಸಿದ ನ್ಯೂಟ್ ನಮ್ಮನ್ನು ಬೆರಗುಗೊಳಿಸಿದೆ. ದಾರ್ಜಿಲಿಂಗಿನದಕ್ಕೂ ಇದಕ್ಕೂ ಬಹಳ ಹೋಲಿಕೆ ಇದೆಯಾದರೂ ಇದರ ಬಾಲ ಮೊಂಡಾಗಿದೆ. ಹೊಸ ಜಾತಿಯೆಂದು ತಿಳಿದು ನಿಮ್ಮ ಹೆಸರಿಡುತ್ತಿದ್ದೇನೆ. ಬೇರೆಯವರು ಮುಂದಾಗುವ ಮೊದಲು ಅಚ್ಚಿಗೆ ಕೊಡುತ್ತಿದ್ದೇನೆ. ಟೈಲೊಟೊಟ್ರೈಟನ್ ಕೆದ್ಲಾಯೈ!"

ಬಾಲದ ಸುದ್ದಿ ಬಂದಾಗಲೇ ನನಗೆ ಆ ಗಿಡ್ಡ ಬಾಟ್ಲಿ ನೆನಪಾಗಿತ್ತು.

"ಇನ್ನೊಮ್ಮೆ ಓದು, ಆ ಹೆಸರು" ಎಂದರು ಕೆದ್ಲಾಯರು. ಓದಿದೆ. "ಇನ್ನೊಮ್ಮೆ." ಓದಿದೆ. ಆಮೇಲೆ ಹುಬ್ಬು ಗಂಟಿಕ್ಕಿ, "ನ್ಯೂಟ್ ಯಾವಾಗ ಹಿಡಿದೆ ನಾನು?" ಎಂದು ತಮ್ಮನ್ನೇ ಕೇಳಿಕೊಂಡರು. ನಾನು ಬಾಯಿ ಬಿಡಬೇಕಾದ ಗಳಿಗೆ ಅದೇ. ಬಿಟ್ಟೆ ಕೂಡ. ಅಷ್ಟರಲ್ಲಿ ಅವರೇ, "ಹಾಂ! ಹೊಳೆಯಲ್ಲಿ ಜಾರಿ ಬಿದ್ದೆನಲ್ಲ, ಆಗ ಎಂತದೋ ಚೀಲಕ್ಕೆ ಹಾಕಿದ್ದು ಉಂಟು! ಅದೇ!" ಎಂದುಬಿಟ್ಟರು. ತೆರೆದ ಬಾಯಿಂದ ನಾನು "ಹೌದು ಸಾರ್" ಎಂದೆ.

"ಹೋಲಿಸಿ ನೋಡುವ, ಆ ದಾರ್ಜಿಲಿಂಗಿನ ಬಾಟ್ಲಿ ತಾ."

ಹೋಗಿ ನೋಡಿದೆ. ಬಾಟ್ಲಿಯೊಳಗಿಂದ ಕುದುರೆಮುಖದ ಹಲ್ಲಿ ನನ್ನನ್ನು ನೋಡಿತು. ಅದನ್ನು ಮ್ಯೂಸಿಯಮ್ಮಿನ ಮೂಲೆಯಲ್ಲಿದ್ದ ತಿಮಿಂಗಿಲದ ಎಲುಬಿನ ಹಿಂದೆ ಅಡಗಿಸಿಟ್ಟು, "ಸ್ಪಿರಿಟ್ ಆರಿ ಅದು ಕೊಳೆತುಹೋಯ್ತು ಸಾರ್, ಬಿಸಾಡಿದೆ" ಎಂದೆ.

"ಪಾಪ" ಎಂದರು ಕೆದ್ಲಾಯರು. ನನಗಲ್ಲ, ನ್ಯೂಟಿಗೆ.

ರುಕ್ಮಿಣಿಯಮ್ಮ ಹಯಗ್ರೀವ ಮಾಡಿ ಕಾಲೇಜಿಗೆ ಕಳುಹಿಸಿದರು. ಅಷ್ಟು ಕಹಿಯಾದ ಕಡಲೆಬೇಳೆ ಬೆಲ್ಲವನ್ನು ನಾನು ಜನ್ಮದಲ್ಲಿ ತಿಂದದ್ದಿಲ್ಲ. ಎರಡು ಸಲ ಹಾಕಿಸಿಕೊಂಡೆ ಎಂಬುದು ಬೇರೆ ಮಾತು. ಚೌತಿಯ ಹೊತ್ತಿಗೆ ಅಚ್ಚಾದ ಲೇಖನವೂ ಬಂತು. ಕೆದ್ಲಾಯರು ಕತೆ ಹೇಳಿದ ಹಾಗೆಲ್ಲ ನ್ಯೂಟ್ ಚುರುಕಾಗುತ್ತಾ ಹೋಯಿತು. ಮೊದಲು ಅದು ತಾನಾಗಿ ಚೀಲಕ್ಕೆ ಬಂದಿತ್ತು. ಎರಡನೆಯ ಸಲ ಕಲ್ಲಿನಡಿಯಿಂದ ಇಣುಕಿತು. ಐದನೆಯ ಸಲಕ್ಕೆ ಕೆದ್ಲಾಯರು ಅದನ್ನು ಹೊಳೆಯುದ್ದಕ್ಕೂ ಅಟ್ಟಿಸಿಕೊಂಡು ಹೋಗಿದ್ದರು. ಕಸ ಗುಡಿಸುವಾಗ ಎಲುಬಿನ ಹಿಂದೆ ನೋಡಿದ ಐತಪ್ಪ ನನ್ನ ಕಿವಿಯ ಹತ್ತಿರ ಬಂದು, "ಸಣ್ಣ ಸಾರ್, ಕೊಳೆತುಹೋದ ದಾರ್ಜಿಲಿಂಗಿನವ ಅಲ್ಲಿ ಒಳ್ಳೆ ಗಟ್ಟಿಮುಟ್ಟಾಗಿ ಕೂತಿದ್ದಾನೆ" ಎಂದ.

"ಸುಮ್ನಿರು ಮಾರಾಯ."

"ನಾನು ಸುಮ್ನೇ ಇದ್ದೇನೆ. ಅವನೂ ಸುಮ್ನೇ ಇದ್ದಾನೆ. ನಿಮಗೆ ಮಾತ್ರ ಯಾಕೆ ಇಷ್ಟು ಬೆವರುವುದು?"

ದಸರಾ ರಜೆ ಬಂತು. ಕೆದ್ಲಾಯರು ಇನ್ನೊಂದು ನ್ಯೂಟ್ ಹಿಡಿಯಲು ಕುದುರೆಮುಖಕ್ಕೆ ಹೊರಟರು. ಬೆಳ್ತಂಗಡಿಯವರೆಗೆ ಬಸ್ಸು, ಆಮೇಲೆ ನಡಿಗೆ. ನಾನು ಮತ್ತು ಐತಪ್ಪ ಹಿಂದೆ. ಮೂರು ದಿನ ಆ ಮುದುಕರು ಕಚ್ಚೆ ಕಟ್ಟಿ, ಕನ್ನಡಕವನ್ನು ದಾರದಿಂದ ಕಿವಿಗೆ ಬಿಗಿದು, ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ಕಲ್ಲಿನಡಿಗೆ ಕೈ ಹಾಕಿ ತಡವಿದರು. ಕಣ್ಣು ಸಾಲದಿದ್ದಲ್ಲಿ ಬೆರಳಿನಿಂದ ಹುಡುಕುತ್ತಿದ್ದರು. ಕಾಲಿನ ಜಿಗಣೆಗಳನ್ನು ಐತಪ್ಪ ಕೀಳುತ್ತಿದ್ದ. "ಇಲ್ಲೇ ಮಾರಾಯ, ಇದೇ ಬಂಡೆ. ಇಲ್ಲಿಂದ ಆಚೆ ಹಾರಿತ್ತು" ಎಂದು ಅವರು ತೋರಿಸಿದ ಕಡೆಯೆಲ್ಲ ನಾನೂ ಹುಡುಕಿದೆ. ಇಲ್ಲವೆಂದು ಗೊತ್ತಿದ್ದೂ ಹುಡುಕುವುದು ಎಷ್ಟು ಕಷ್ಟವೆಂದು ಹುಡುಕಿದವನಿಗೇ ಗೊತ್ತು. ಮೂರನೆಯ ದಿನ ಅವರು ಕಾಲು ಜಾರಿದರು. ನಾನು ಹಿಡಿದುಕೊಂಡೆ. ನನ್ನ ತೋಳು ಬಿಡದೆ ಹೇಳಿದರು: "ಈ ಕಣ್ಣು ಇನ್ನೊಂದು ವರ್ಷ ಉಂಟೋ ಇಲ್ವೋ ಸಂಜೀವ. ಅದನ್ನೊಮ್ಮೆ ಜೀವದಲ್ಲಿ ನೋಡಿದ್ರೆ ಸಾಕು."

ನಾನು ಹೇಳಿಬಿಟ್ಟೆ. ತಟ್ಟೆ, ಚಾ, ಗಾಳಿ, ನರೂಲಿ, ಬಾಲ, ಎಲ್ಲ.

ಐತಪ್ಪ ಜಿಗಣೆ ಕೀಳುವುದನ್ನು ನಿಲ್ಲಿಸಿದ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಕೆದ್ಲಾಯರು ಬಂಡೆಯ ಮೇಲೆ ಕುಳಿತು, ಸಣ್ಣ ಮಕ್ಕಳ ದನಿಯಲ್ಲಿ, "ಆದ್ರೆ... ನಾನು ಅದನ್ನು ಅಟ್ಟಿಸಿಕೊಂಡು ಹೋದದ್ದು ನನಗೆ ನೆನಪುಂಟಲ್ಲ ಮಾರಾಯ" ಎಂದರು. ಆಮೇಲೆ ದಾರ ಬಿಚ್ಚಿ ಕನ್ನಡಕ ತೆಗೆದು, "ಹಲ್ಲಿ ಉಂಟಾ, ಬಿಸಾಡಿದ್ದೀಯಾ?" ಎಂದು ಕೇಳಿದರು.

"ಉಂಟು ಸಾರ್."

"ಏಳು. ಊರಿಗೆ ಹೋಗುವ."

ಕಲ್ಕತ್ತಕ್ಕೆ ಪತ್ರವನ್ನು ಅವರು ಹೇಳಿದರು, ನಾನು ಬರೆದೆ. ಅವರ ಕಣ್ಣಿಗೆ ಕಾಣದು. ನನ್ನ ಅಕ್ಷರ ಚಂದ. "ಚೀಟಿಗಳು ಅದಲುಬದಲಾದವು. ಈ ತಪ್ಪು ಸಂಪೂರ್ಣವಾಗಿ ನನ್ನದು" ಎಂದರು. ನನ್ನ ಪೆನ್ನು ನಿಂತಿತು. "ಸಾರ್, ನನ್ನ ಹೆಸರು..." ಎಂದೆ.

"ನಿನಗೆ ಮುಂದೆ ಕೆಲಸ ಮಾಡ್ಲಿಕ್ಕುಂಟು. ನನಗಿಲ್ಲ. ಬರಿ."

ಬರೆದೆ. ನನ್ನ ಬಾಳಿನಲ್ಲಿ ಅಷ್ಟು ಚೆಂದದ ಅಕ್ಷರ ಅದಕ್ಕೆ ಮೊದಲೂ ಬರೆದಿಲ್ಲ, ಆಮೇಲೂ ಬರೆದಿಲ್ಲ. ಕಲ್ಕತ್ತದವರು ಕಣ್ಣು ಮುಚ್ಚಿ ನಂಬಿದರು.

ಹಲ್ಲಿಯನ್ನೂ ಕಳುಹಿಸಿದೆವು. ಮೂರು ತಿಂಗಳಿಗೆ ಉತ್ತರ ಬಂತು. ಹಲ್ಲಿ ನಿಜಕ್ಕೂ ಹೊಸ ಜಾತಿಯೇ ಆಗಿತ್ತಂತೆ. ಆದರೆ ಮಳೆಗಾಲದಲ್ಲಿ ಬೇರೊಬ್ಬರು ಅದೇ ಘಟ್ಟದಲ್ಲಿ ಹಿಡಿದು ಹೆಸರಿಟ್ಟಾಯಿತು, ಮೊದಲ ಪೆಟ್ಟಿಗೆಯಲ್ಲೇ ಬಂದಿದ್ದರೆ ಎಂದು ವಿಷಾದ ಸೂಚಿಸಿದ್ದರು. ಅವರು ಹೆಸರಿಟ್ಟದ್ದು, ನಮ್ಮ ಹಲ್ಲಿ ತಿಮಿಂಗಿಲದ ಎಲುಬಿನ ಹಿಂದೆ ಕುಳಿತು ನನ್ನನ್ನು ನೋಡುತ್ತಿದ್ದ ಕಾಲದಲ್ಲಿ. ನ್ಯೂಟಿನ ಹೆಸರು ಮಾತ್ರ ಅಳಿಸಲಾಗದಂತೆ. ಒಮ್ಮೆ ಅಚ್ಚಾದ ಹೆಸರು ತಪ್ಪಾದರೂ ಉಳಿಯಲೇಬೇಕು ಎಂಬುದು ಅವರ ಶಾಸ್ತ್ರ. ಈಗಲೂ ಪಟ್ಟಿಯಲ್ಲಿ 'ವೆರುಕೋಸಸ್' ಎಂಬುದರ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಕೆದ್ಲಾಯೈ, ತಪ್ಪು ಸ್ಥಳ' ಎಂದು ಉಂಟು. ನ್ಯಾಯವಾಗಿ ಅಲ್ಲಿ 'ಸಂಜೀವೈ' ಎಂದಿರಬೇಕಿತ್ತು. ಆ ಪ್ರಾಣಿಯನ್ನು ಸೃಷ್ಟಿಸಿದವನು ನಾನು, ಅದರ ಬಾಲ ಮೊಂಡು ಮಾಡಿದವನೂ ನಾನು.

ಪೆನ್ಶನ್ ಆದಮೇಲೆ ಕೆದ್ಲಾಯರು ಕಂಕನಾಡಿಯಲ್ಲಿ ಒಂದು ಮನೆ ಹಿಡಿದಿದ್ದಾರೆ. ಹೋದ ವಾರ ಹೋಗಿದ್ದೆ. ರುಕ್ಮಿಣಿಯಮ್ಮ ನೆರೆಮನೆಯಾಕೆಗೆ, "ಇವರ ಹೆಸರು ಇಂಗ್ಲಿಷ್ ಪುಸ್ತಕದಲ್ಲಿ ಉಂಟು, ಗೊತ್ತುಂಟಾ?" ಎನ್ನುತ್ತಿದ್ದರು. ಕೆದ್ಲಾಯರು ತಿದ್ದಲಿಲ್ಲ. ಆಮೇಲೆ ರುಕ್ಮಿಣಿಯಮ್ಮ ನನ್ನತ್ತ ತಿರುಗಿ, "ನಿನ್ನ ಅಕ್ಷರ ಅಷ್ಟು ಚಂದ ಉಂಟಲ್ಲ ಸಂಜೀವ, ನಮ್ಮ ಗೇಟಿಗೊಂದು ಬೋರ್ಡ್ ಬರೆದುಕೊಡು" ಎಂದರು.

ಕೆದ್ಲಾಯರು ಜಗಲಿಯಿಂದಲೇ, "ಬರೀಲಿ, ಬರೀಲಿ. ಆದ್ರೆ ಗೇಟಿಗೆ ಹೊಡೆಯುವಾಗ ನಾನು ಹತ್ತಿರ ನಿಲ್ತೇನೆ. ಇಲ್ಲದಿದ್ರೆ ನಾಳೆ ಬೆಳಿಗ್ಗೆ ಆಚೆಮನೆಯವರು ಕೆದ್ಲಾಯರಾಗಿರ್ತಾರೆ" ಎಂದರು. ಕಲ್ಕತ್ತದ ಆ ಕೊನೆಯ ಉತ್ತರ ಬಂದಮೇಲೆ ಅವರು ಆ ವಿಷಯ ಎತ್ತಿದ್ದು ಅದೇ ಮೊದಲು.

ಬೋರ್ಡು ಬರೆದುಕೊಟ್ಟೆ. ಹೆಸರಿಗಿಂತ ದೊಡ್ಡದಾಗಿ ಮನೆಯ ನಂಬರು ಹಾಕಿದ್ದೇನೆ. ಅಂದ ಕೆಟ್ಟಿತೆಂದು ರುಕ್ಮಿಣಿಯಮ್ಮನಿಗೆ ಬೇಸರ.